ಹತ್ತು ನಿಮಿಷ ಮುಟ್ಟಬೇಡಿ

ಬಲಗಾಲಿನ ಪ್ಲಾಸ್ಟರ್ ಬಿಚ್ಚಿದ ಮೂರನೇ ದಿನ
ಮೊಯ್ದು ಹೊಸ ಬ್ಯಾಟರಿ ತಂದ,
ವಿರಾಜಪೇಟೆಯಿಂದ, ಸ್ಕೂಟರಿನಲ್ಲಿ, ಕಾಲ ನಡುವೆ ಇಟ್ಟುಕೊಂಡು,
ಯಾರದೋ ಕೂಸನ್ನು ಒಪ್ಪಿಸಬೇಕಾದವನ ಹಾಗೆ.

ಏಳು ವಾರ ಕಾರು ಶೆಡ್ಡಿನಲ್ಲೇ ಇತ್ತು.
ಬಾನೆಟ್ಟಿನ ಮೇಲೆ ಕೋಳಿಯ ಹೆಜ್ಜೆ,
ವೈಪರಿನ ಸಂದಿಗೆ ಸಿಕ್ಕಿಕೊಂಡ ಸಿಲ್ವರ್ ಮರದ ಎಲೆ.
ನಾನು ಒಳಗೆ, ಸ್ಟೂಲಿನ ಮೇಲೆ ಕಾಲು ಚಾಚಿ.
ಒಂದೇ ಒಂದು ಬಳ್ಳಿಯ ಕರಿಮೆಣಸಿಗೆ ಆಸೆಪಟ್ಟು
ಏಣಿ ಹತ್ತಿದವಳಿಗೆ ಅಷ್ಟಾಗಬೇಕಾದ್ದೇ.

ಹಳೆಯದನ್ನು ಬಿಚ್ಚಿದ. ಟರ್ಮಿನಲ್ಲಿನ ಬಿಳಿ ಹುಡಿಯನ್ನು
ಬಿಸಿನೀರು ಹೊಯ್ದು ಉಜ್ಜಿದ. ಹೊಸದನ್ನು ಕೂರಿಸಿದ.
"ಸಿಸ್ಟರ್, ಇದಕ್ಕೀಗ ಏನೂ ನೆನಪಿಲ್ಲ.
ನಿಮ್ಮ ಕಾಲು ಎಷ್ಟು ಒತ್ತುತ್ತದೆ, ನಮ್ಮ ಮೇಲಿನ ಗಾಳಿ ಎಷ್ಟು ತೆಳು,
ಬಂಕಿನವನ ಪೆಟ್ರೋಲು ಎಂಥದ್ದು,
ಎಲ್ಲ ಹೋಯ್ತು.
ಕಂಪನಿಯಿಂದ ಬರುವಾಗ ಏನು ಗೊತ್ತಿತ್ತೋ ಅಷ್ಟೇ.
ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ, ಅರ್ಧ ನಿಮಿಷ ಕೂತಿರಿ.
ಆಮೇಲೆ ಸ್ಟಾರ್ಟ್. ಎಸಿ ಬೇಡ, ಲೈಟು ಬೇಡ, ರೇಡಿಯೋನೂ ಬೇಡ.
ಎಕ್ಸಿಲೇಟರ್ ಮಾತ್ರ
ಹತ್ತು ನಿಮಿಷ ಮುಟ್ಟಬೇಡಿ.
ಅದು ತಾನೇ ಕಲೀಬೇಕು."

ಡ್ಯಾಶ್‌ಬೋರ್ಡಿನಲ್ಲಿ ಗಂಟೆ ಹನ್ನೆರಡು, ಜನವರಿ ಒಂದು.
ಹೊರಗೆ ಮಾರ್ಚಿ, ಬೆಳಗಿನ ಎಂಟೂವರೆ,
ತಲೆನೋವು ಬರುವಷ್ಟು ಕಾಫಿ ಹೂವಿನ ವಾಸನೆ.

ಇಂಜಿನ್ನು ಒಮ್ಮೆ ಕಿರುಚಿತು. ಕುಸಿಯಿತು.
ನಿಂತೇಹೋಯಿತು ಅನ್ನುವಾಗ ಉಸಿರೆಳೆದುಕೊಂಡಿತು.
ಮುಳ್ಳು ಹದಿನೈದಕ್ಕೆ ಹಾರಿ, ಆರಕ್ಕೆ ಜಾರಿ,
ಮತ್ತೆ ಹನ್ನೊಂದಕ್ಕೆ ಏರಿ ಅಲ್ಲೂ ನಿಲ್ಲದೆ.
ನನ್ನ ಕಾಲು ತನ್ನಷ್ಟಕ್ಕೆ ಮುಂದೆ ಹೋಯಿತು.
"ಸಿಸ್ಟರ್!" ಅಂದ ಮೊಯ್ದು.
ಹಿಂದಕ್ಕೆಳೆದುಕೊಂಡೆ.

ಇಪ್ಪತ್ತಾರು ವರ್ಷ ಹೆರಿಗೆ ವಾರ್ಡಿನಲ್ಲಿ
ನಾನೂ ಇದನ್ನೇ ಹೇಳಿದವಳು,
ಬಾಗಿಲ ಬಳಿ ಸುತ್ತುವ ಗಂಡಂದಿರಿಗೆ, ಕೈ ತುರಿಸುವ ಹೊಸ ಡಾಕ್ಟರಿಗೆ:
ಸುಮ್ಮನಿರಿ, ಅವಳಿಗೆ ಗೊತ್ತು.
ಹೇಳುವಾಗ ನಾನು ಯಾವಾಗಲೂ ನಿಂತಿರುತ್ತಿದ್ದೆ.
ಹೀಗೆ ಕೂತು ಕೇಳಿರಲಿಲ್ಲ.

ಹೋದ ನೆನಪಿನಲ್ಲಿ ಏನಿತ್ತು?
ರಾತ್ರಿ ಎರಡರ ಫೋನುಗಳು ಇದ್ದಿರಬೇಕು.
ಪಾಲಿಬೆಟ್ಟದ ತಿರುವಿನಲ್ಲಿ ಆನೆ ಕಂಡು
ಲೈಟು ಆರಿಸಿ, ಇಂಜಿನ್ ಆರಿಸದೆ, ಜಪಮಣಿ ಹಿಡಿದು ಕೂತದ್ದು.
ಲೈನ್‌ಮನೆಯ ಮುತ್ತಿ ಹಿಂದಿನ ಸೀಟನ್ನು ಹಲ್ಲಿನಿಂದ ಕಚ್ಚಿದ ದಿನ
ಅಮ್ಮತ್ತಿಯ ಏರಿನಲ್ಲಿ ನಾನು ಒತ್ತಿದ ಒತ್ತು.
ಹಲ್ಲಿನ ಗುರುತು ಸೀಟಿನಲ್ಲಿದೆ ಇನ್ನೂ.
ಆ ಪೆಟ್ಟಿಗೆಯೂ ಬರೆದಿಟ್ಟುಕೊಂಡಿತ್ತೆ ಅದನ್ನೆಲ್ಲ?

ಮೊಯ್ದುವನ್ನು ಕೇಳಿದೆ. ನಕ್ಕ.
"ಅದಕ್ಕೆ ಯಾಕೆ ಅಂತ ಗೊತ್ತಿರಲ್ಲ ಸಿಸ್ಟರ್.
ಎಷ್ಟು ಅಂತ ಮಾತ್ರ."

ನನ್ನ ಕಾಲಿಗೂ ಒಬ್ಬಳು ಮೇಷ್ಟರಿದ್ದಾಳೆ,
ಫಿಸಿಯೋದ ಹುಡುಗಿ, ಬೊಳ್ಳಮ್ಮ ಅಂತ ಹೆಸರು.
ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರ ಬರೆಯಿರಿ, ಅಂತಾಳೆ,
ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ.
ಐವತ್ತೆಂಟಕ್ಕೆ ಮತ್ತೆ ಅ, ಆ.
ಗ, ಪ ಪರವಾಗಿಲ್ಲ.
ಳ ಬರೆಯುವಾಗ ಈಗಲೂ ಜೀವ ಹೋಗುತ್ತದೆ.

ಎಂಟನೇ ನಿಮಿಷಕ್ಕೋ ಒಂಬತ್ತಕ್ಕೋ
ಮುಳ್ಳು ಏಳೂವರೆಯ ಹತ್ತಿರ ನಡುಗಿ ಕೂತಿತು.
ಫ್ಯಾನು ತಿರುಗಿತು. ಶೆಡ್ಡಿನ ತಗಡು
ಅದರ ಜೊತೆ ಸಣ್ಣಗೆ ಗುನುಗತೊಡಗಿತು.
ಮೊಯ್ದು ಗಡಿಯಾರ ನೋಡಲಿಲ್ಲ, ಕಿವಿಗೊಟ್ಟು ಕೇಳಿ
"ಈಗ ಹೋಗಿ" ಅಂದ.
"ಜೋರೂ ಬೇಡ, ತೀರಾ ನಿಧಾನವೂ ಬೇಡ.
ಮಾಕುಟ್ಟ ಇಳಿಯೋದು ಮುಂದಿನ ವಾರ ಇಟ್ಟುಕೊಳ್ಳಿ,
ಕೆಳಗಿನ ಗಾಳಿ ಬೇರೆ."

ಗೇಟು ದಾಟಿ ಮೊದಲ ಹಂಪಿಗೇ ಆಫ್ ಆಯಿತು.
ನಾನು ಕ್ಲಚ್ಚು ಬಿಟ್ಟದ್ದು ತಪ್ಪೋ,
ಅದು ಗಾಳಿ ಎಳೆದದ್ದು ತಪ್ಪೋ.
ಹಿಂದೆ ಕಾಫಿ ಮೂಟೆಯ ಲಾರಿ
ಹಾರ್ನು ಹಾಕಿತು, ಮತ್ತೆ ಹಾಕಿತು.
ಗಾಜು ಇಳಿಸಿ ಕೈ ಹೊರಹಾಕಿದೆ:
ಸ್ವಲ್ಪ ತಾಳು ಮಾರಾಯ,
ಕಲೀತಾ ಇದ್ದೇವೆ.